ಶಾಫ್ಟ್ ತಿರುಗಿದ ಕೋನ ಓದುವ ಆಪ್ಟಿಕಲ್ ಸೆನ್ಸರ್ ಚಿಪ್: ಡಿಸ್ಕಿನ ಅಳತೆಯಿಂದ ಸಿಲಿಕಾನ್‌ವರೆಗೆ

ತಿರುಗುವ ಶಾಫ್ಟಿನ (ದಂಡದ) ಕೋನವನ್ನು ಬೆಳಕಿನಿಂದ ಅಳೆಯುವ ಸಾಧನವಾದ ಆಪ್ಟಿಕಲ್ ಎನ್‌ಕೋಡರ್ ಒಳಗೆ ಮುಖ್ಯವಾದ ಭಾಗಗಳು ನಾಲ್ಕೇ: ಒಂದು ಎಲ್‌ಇಡಿ, ಅದರ ಬೆಳಕನ್ನು ಸಮಾಂತರವಾಗಿ ಕಳಿಸುವ ಲೆನ್ಸ್, ಶಾಫ್ಟಿನ ಜೊತೆ ತಿರುಗುವ ಗೆರೆಗಳ ಡಿಸ್ಕ್, ಡಿಸ್ಕಿನ ನೆರಳು ಬೀಳುವ ಸೆನ್ಸರ್ ಚಿಪ್. ಗೆರೆ ಸರಿದಂತೆ ನೆರಳು ಸರಿಯುತ್ತದೆ, ಚಿಪ್ಪಿನ ಮೇಲಿನ ಫೋಟೊಡಯೋಡ್‌ಗಳ (ಬೆಳಕನ್ನು ಕರೆಂಟಾಗಿಸುವ ಭಾಗಗಳ) ಕರೆಂಟ್ ಏರಿಳಿಯುತ್ತದೆ, ಆ ಏರಿಳಿತದಿಂದ ಕೋನ ಸಿಗುತ್ತದೆ. ಕ್ಯಾಮೆರಾಗೆಂದು ಮಾಡಿದ ಚೌಕ ಪಿಕ್ಸೆಲ್‌ಗಳ ಸೆನ್ಸರನ್ನೇ ಇಲ್ಲಿ ಕೂರಿಸಿದರಾಯಿತು ಎಂದು ಮೊದಲಿಗೆ ಅನ್ನಿಸುವುದು ಸಹಜ. ನಿಖರತೆ ಬೇಕಾದಲ್ಲಿ ಅದು ಸಾಲದು, ಚಿಪ್ಪನ್ನು ಡಿಸ್ಕಿನ ಅಳತೆಗೇ ಹೊಲಿಯಬೇಕು. ಕೋನದ ದೋಷಗಳಲ್ಲಿ ಬಹುಪಾಲು ಫೋಟೊಡಯೋಡಿನ ಆಕಾರ, ಅಗಲ, ಜೋಡಣೆಯಲ್ಲೇ ಅಳಿಸಿಹೋಗುವಂಥವು. ಅಲ್ಲಿ ಅಳಿಸದೆ ಬಿಟ್ಟದ್ದನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ತಿದ್ದಬಹುದು, ಆದರೆ ಬಿಸಿ ಏರಿದಾಗಲೋ ಬೇರಿಂಗ್ ಸವೆದಾಗಲೋ ಆ ತಿದ್ದುಪಡಿ ಹಳತಾಗಿಬಿಡುತ್ತದೆ.

ಲೇಖನದುದ್ದಕ್ಕೂ ಒಂದೇ ಉದಾಹರಣೆ ಹಿಡಿಯೋಣ: ಸುತ್ತಿಗೆ 1024 ಗೆರೆ, ಗೆರೆಪಟ್ಟಿಯ ಮಧ್ಯದ ತ್ರಿಜ್ಯ 11 ಮಿ.ಮೀ., ಗರಿಷ್ಠ ವೇಗ ನಿಮಿಷಕ್ಕೆ 6000 ಸುತ್ತು, ಡಿಸ್ಕಿಗೂ ಚಿಪ್ಪಿಗೂ ನಡುವೆ 0.3 ಮಿ.ಮೀ. ಸಂದು.

ಹಂತ 1: ಪಿಚ್ ಮತ್ತು ದೋಷದ ಲೆಕ್ಕ

11 ಮಿ.ಮೀ. ತ್ರಿಜ್ಯದ ಸುತ್ತಳತೆ 69.1 ಮಿ.ಮೀ. ಅದನ್ನು 1024ರಿಂದ ಭಾಗಿಸಿದರೆ ಒಂದು ಗೆರೆ ಮತ್ತು ಅದರ ಪಕ್ಕದ ಖಾಲಿ ಜಾಗ ಸೇರಿ 67.5 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ಯ ಸಾವಿರದ ಒಂದು ಪಾಲು). ಇದೇ ಪಿಚ್. ಇಡೀ ಸುತ್ತು 12,96,000 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಗೆ 3600). ಹಾಗಾಗಿ ಒಂದು ಪಿಚ್ ಎಂದರೆ 1266 ಆರ್ಕ್‌ಸೆಕೆಂಡ್. ಸಿಗ್ನಲ್ ಒಂದು ಪಿಚ್‌ಗೆ ಒಂದು ಪೂರ್ತಿ ಅಲೆ ಕೊಡುತ್ತದೆ. ಆ ಅಲೆಯೊಳಗಿನ 360 ಡಿಗ್ರಿಯನ್ನು ವಿದ್ಯುತ್ ಡಿಗ್ರಿ ಎನ್ನುತ್ತೇವೆ. ಒಂದು ವಿದ್ಯುತ್ ಡಿಗ್ರಿಗೆ ಇಲ್ಲಿ ಸುಮಾರು 3.5 ಆರ್ಕ್‌ಸೆಕೆಂಡ್ ಬೆಲೆ. ಈ ಅಂಕಿಯನ್ನು ಕಣ್ಣೆದುರು ಬರೆದಿಟ್ಟುಕೊಳ್ಳಿ, ಮುಂದಿನ ಪ್ರತಿ ತೀರ್ಮಾನವೂ ಇದರ ಮೇಲೆ ನಿಲ್ಲುತ್ತದೆ.

ಇಂಟರ್‌ಪೊಲೇಟರ್ ಎಂಬ ಸರ್ಕ್ಯೂಟ್ ಪ್ರತಿ ಅಲೆಯನ್ನು 12 ಬಿಟ್‌ಗೆ, ಅಂದರೆ 4096 ಪಾಲಾಗಿ ಒಡೆದರೆ ಸುತ್ತಿಗೆ 41,94,304 ಎಣಿಕೆ, ಒಂದೊಂದೂ 0.31 ಆರ್ಕ್‌ಸೆಕೆಂಡ್. ಅದು ರೆಸಲ್ಯೂಷನ್ (ಗುರುತಿಸಬಲ್ಲ ಅತಿ ಚಿಕ್ಕ ಹೆಜ್ಜೆ) ಮಾತ್ರ. ನಿಖರತೆ ಬೇರೆಯೇ ಲೆಕ್ಕ. ಡಿಸ್ಕಿನ ಗೆರೆಗಳ ಕೇಂದ್ರ ಶಾಫ್ಟಿನ ಕೇಂದ್ರದಿಂದ 10 ಮೈಕ್ರಾನ್ ತಪ್ಪಿದ್ದರೆ ಸಾಕು, 11 ಮಿ.ಮೀ. ತ್ರಿಜ್ಯದಲ್ಲಿ ಸುತ್ತಿಗೊಮ್ಮೆ ±187 ಆರ್ಕ್‌ಸೆಕೆಂಡ್ ದೋಷ ಬರುತ್ತದೆ. ಒಂದೇ ಚಿಪ್ ಎಷ್ಟೇ ಚೆನ್ನಾಗಿದ್ದರೂ ಇದನ್ನು ನೀಗಿಸಲಾರದು. ಎದುರುಬದುರಾಗಿ, 180 ಡಿಗ್ರಿ ಅಂತರದಲ್ಲಿ ಎರಡು ಚಿಪ್ ಇಟ್ಟು ಸರಾಸರಿ ತೆಗೆದರೆ ಅದು ಅಳಿಯುತ್ತದೆ. ಹೀಗೆ ಮಾಡುವ ಉದ್ದೇಶವಿದ್ದರೆ ಚಿಪ್ಪಿನ ಗಾತ್ರ, ಕರೆಂಟ್ ಖರ್ಚು, ಪಿನ್ನುಗಳ ಜಾಗವನ್ನು ಇಲ್ಲಿಯೇ ತೀರ್ಮಾನಿಸಬೇಕು. ಚಿಪ್ ಕೈಗೆ ಬಂದ ಮೇಲೆ ಎರಡನೆಯದಕ್ಕೆ ಬೋರ್ಡಿನಲ್ಲಿ ಜಾಗ ಹುಡುಕುವಂತಾಗಬಾರದು.

ಹಂತ 2: ಬೆಳಕಿನ ಬಣ್ಣ

ಸಿಲಿಕಾನಿನೊಳಗೆ ಬೆಳಕು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ತರಂಗಾಂತರದ ಮೇಲಿದೆ. ತೀವ್ರತೆ ಸುಮಾರು 37 ಶೇಕಡಾಕ್ಕೆ ಇಳಿಯುವ ಆಳ 460 ನ್ಯಾನೊಮೀಟರ್ ನೀಲಿಗೆ ಅರ್ಧ ಮೈಕ್ರಾನ್, 650ರ ಕೆಂಪಿಗೆ ಮೂರೂವರೆ ಮೈಕ್ರಾನ್, 850ರ ಇನ್‌ಫ್ರಾರೆಡ್‌ಗೆ 18ರಿಂದ 19 ಮೈಕ್ರಾನ್, 940ಕ್ಕೆ ಸುಮಾರು 55 ಮೈಕ್ರಾನ್. ಆಳದಲ್ಲಿ ಹುಟ್ಟಿದ ಎಲೆಕ್ಟ್ರಾನ್‌ಗೆ ಯಾವ ಡಯೋಡ್ ತನ್ನದೆಂದು ಗೊತ್ತಿಲ್ಲ. ಅದು ಅಡ್ಡಕ್ಕೆ ಅಲೆದು ಪಕ್ಕದ ಡಯೋಡಿಗೂ ಸೇರುತ್ತದೆ. ನಮ್ಮ ಉದಾಹರಣೆಯಲ್ಲಿ ಕಾಲು ಪಿಚ್ ಎಂದರೆ 16.9 ಮೈಕ್ರಾನ್. 850ರ ಬೆಳಕು ಇಳಿಯುವ ಆಳವೂ ಸರಿಸುಮಾರು ಅಷ್ಟೇ. ಅಂದರೆ ನೆರಳು ಎಷ್ಟೇ ಚೂಪಾಗಿ ಬಿದ್ದರೂ ಸಿಲಿಕಾನಿನ ಒಳಗೆ ಅದು ಕಲಸಿಹೋಗುತ್ತದೆ.

ಇನ್‌ಫ್ರಾರೆಡ್‌ಗೆ ಪ್ರತಿ ವ್ಯಾಟ್‌ಗೆ ಹೆಚ್ಚು ಕರೆಂಟ್ ಸಿಗುತ್ತದೆ, ನಿಜ. 850ರಲ್ಲಿ ಸಿದ್ಧಾಂತದ ಮೇಲ್ಮಿತಿ ವ್ಯಾಟ್‌ಗೆ 0.69 ಆಂಪಿಯರ್, 460ರಲ್ಲಿ 0.37 ಮಾತ್ರ. ಆದರೂ 67 ಮೈಕ್ರಾನ್ ಪಿಚ್‌ಗೆ ಕೆಂಪು, 40 ಮೈಕ್ರಾನ್‌ಗಿಂತ ಕಡಿಮೆಯಾದರೆ ನೀಲಿ ಎಂಬುದು ನಮ್ಮ ಸಲಹೆ. ಕಳೆದುಕೊಂಡ ಕರೆಂಟನ್ನು ಎಲ್‌ಇಡಿ ತುಸು ಹೆಚ್ಚಿಸಿ ಪಡೆಯಬಹುದು, ಕಲಸಿದ ನೆರಳನ್ನು ಮತ್ತೆ ಪಡೆಯಲಾಗದು. ನೀಲಿ ಆರಿಸಿದರೆ ಡಯೋಡಿನ ಜಂಕ್ಷನ್ (ಎಲೆಕ್ಟ್ರಾನ್‌ಗಳನ್ನು ಸೆಳೆದು ಕರೆಂಟಾಗಿಸುವ ಪದರ) ಮೇಲ್ಮೈಗೆ ಹತ್ತಿರವಿರುವ ತಯಾರಿಕಾ ಪ್ರಕ್ರಿಯೆಯೇ ಬೇಕು. ಜಂಕ್ಷನ್ ಆಳದಲ್ಲಿದ್ದರೆ ನೀಲಿ ಬೆಳಕಿನ ಎಲೆಕ್ಟ್ರಾನ್‌ಗಳು ಮೇಲ್ಮೈಯಲ್ಲೇ ಸತ್ತುಹೋಗುತ್ತವೆ.

ಹಂತ 3: ನೆರಳು ನೆರಳಾಗಿ ಉಳಿಯುವ ಸಂದು

ಎಲ್‌ಇಡಿಯ ಹೊಳೆಯುವ ಭಾಗ 0.2 ಮಿ.ಮೀ., ಲೆನ್ಸಿನ ಫೋಕಲ್ ದೂರ 8 ಮಿ.ಮೀ. ಇದ್ದರೆ ಕಿರಣಗಳು 0.025 ರೇಡಿಯನ್ ಹರಡುತ್ತವೆ. 0.3 ಮಿ.ಮೀ. ಸಂದಿನಲ್ಲಿ ನೆರಳಿನ ಅಂಚು 7.5 ಮೈಕ್ರಾನ್ ಮಸುಕಾಗುತ್ತದೆ. 67.5ರ ಪಿಚ್‌ಗೆ ಇದು ಲೆಕ್ಕಕ್ಕಿಲ್ಲ.

ಪಿಚ್ ಚಿಕ್ಕದಾದಾಗ ಬೇರೊಂದು ತೊಂದರೆ ಎದುರಾಗುತ್ತದೆ. ಗೆರೆಗಳು ಗ್ರೇಟಿಂಗ್‌ನಂತೆ ಬೆಳಕನ್ನು ಬಾಗಿಸುತ್ತವೆ, ನೆರಳಿನ ಕಾಂಟ್ರಾಸ್ಟ್ ದೂರದೊಂದಿಗೆ ಏರಿಳಿಯುತ್ತದೆ. ಪಿಚ್‌ನ ವರ್ಗವನ್ನು ತರಂಗಾಂತರದ ಎರಡರಷ್ಟರಿಂದ ಭಾಗಿಸಿದಾಗ ಬರುವ ದೂರದಲ್ಲಿ ನೆರಳಿನ ಮೂಲ ಅಲೆ ಅಳಿಸಿಯೇಹೋಗುತ್ತದೆ. 20 ಮೈಕ್ರಾನ್ ಪಿಚ್, 650 ನ್ಯಾನೊಮೀಟರ್ ಬೆಳಕಿಗೆ ಆ ದೂರ ಸರಿಯಾಗಿ 0.31 ಮಿ.ಮೀ.! ನಮ್ಮ ಉದಾಹರಣೆಯ ಸಂದೂ ಹೆಚ್ಚುಕಡಿಮೆ ಅಷ್ಟೇ. ಸಂದನ್ನು 0.62 ಮಿ.ಮೀ.ಗೆ ಏರಿಸಿದರೆ ನೆರಳು ಮತ್ತೆ ಮೂಡುತ್ತದೆ, ಆದರೆ ಕಪ್ಪು-ಬಿಳಿ ಅದಲುಬದಲಾಗಿ. 67.5ರ ಪಿಚ್‌ಗೆ ಈ ದೂರ ಮೂರೂವರೆ ಮಿ.ಮೀ., ಆದ್ದರಿಂದ ಚಿಂತೆಯಿಲ್ಲ. ಗೆರೆಗಳ ಸಂಖ್ಯೆ ಹೆಚ್ಚಿಸುವ ಮುನ್ನ ಈ ಒಂದು ಭಾಗಾಕಾರ ಮಾಡಿಯೇ ಮುಂದುವರಿಯಿರಿ.

ಹಂತ 4: ಫೋಟೊಡಯೋಡ್‌ಗಳ ಆಕಾರ

ಇದೇ ಚಿಪ್ಪಿನ ಜೀವ, ಇಲ್ಲಿ ಸಮಯ ಕೊಡಿ.

ಪ್ರತಿ ಪಿಚ್‌ಗೆ ನಾಲ್ಕು ಡಯೋಡ್, ಕಾಲು ಪಿಚ್‌ಗೊಂದರಂತೆ: ಎ+, ಬಿ+, ಎ−, ಬಿ−. ಇದೇ ಸರಣಿ 32 ಪಿಚ್‌ವರೆಗೆ ಪುನರಾವರ್ತನೆ. ಎಲ್ಲ ಎ+ ಡಯೋಡ್‌ಗಳನ್ನು ಒಂದೇ ತಂತಿಗೆ ಸೇರಿಸಿ, ಉಳಿದ ಮೂರನ್ನೂ ಹಾಗೆಯೇ. ಎ+ನಿಂದ ಎ− ಕಳೆದರೆ ಕೋಸೈನ್, ಬಿ+ನಿಂದ ಬಿ− ಕಳೆದರೆ ಸೈನ್. ಕಳೆದಾಗ ಸ್ಥಿರ ಬೆಳಕಿನ ಪಾಲು ಹೋಗುತ್ತದೆ. ಈ ನಾಲ್ಕು ಗುಂಪುಗಳನ್ನು, ಅಂದರೆ ಫೇಸ್‌ಗಳನ್ನು, ನಾಲ್ಕು ಪ್ರತ್ಯೇಕ ಬ್ಲಾಕ್‌ಗಳಾಗಿ ಇಡುವುದು ಸುಲಭವೆನಿಸಿದರೂ ಹಾಗೆ ಮಾಡಬೇಡಿ. ಚಿಪ್ಪಿನ ಎಡತುದಿಯಿಂದ ಬಲತುದಿಗೆ ಬೆಳಕು ಶೇ. 20ರಷ್ಟು ಇಳಿದರೆ, ಬ್ಲಾಕ್‌ಗಳ ನಡುವೆ ಶೇ. 5ರಿಂದ 15ರವರೆಗೆ ವ್ಯತ್ಯಾಸ ಬೀಳುತ್ತದೆ. ಹೆಣೆದ ಜೋಡಣೆಯಲ್ಲಿ ಎ+ಗೂ ಎ−ಗೂ ಅರ್ಧ ಪಿಚ್ ಅಂತರ ಮಾತ್ರ, ವ್ಯತ್ಯಾಸ ಶೇ. 0.3. ಡಿಸ್ಕಿನ ಮೇಲೆ ಕೂತ ಧೂಳಿನ ಕಣವೂ 32ರಲ್ಲಿ ಒಂದೆರಡು ಪಿಚ್ ಮುಚ್ಚುತ್ತದೆ, ನಾಲ್ಕೂ ಫೇಸ್‌ಗಳಿಗೆ ನಷ್ಟ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತದೆ.

ಡಯೋಡ್ ಆಯತವಾಗಿರಬಾರದು. ಗೆರೆಗಳು ಕೇಂದ್ರದಿಂದ ಬೀಸಣಿಗೆಯಂತೆ ಹೊರಡುತ್ತವೆ. ಸರಣಿಯ ಮಧ್ಯದಿಂದ 1 ಮಿ.ಮೀ. ಪಕ್ಕಕ್ಕೆ ಹೋದರೆ ಗೆರೆ 5 ಡಿಗ್ರಿಗಿಂತ ತುಸು ಹೆಚ್ಚೇ ವಾಲಿರುತ್ತದೆ. 0.8 ಮಿ.ಮೀ. ಎತ್ತರದ ನೇರ ಡಯೋಡಿನ ಮೇಲೆ ಆ ವಾಲಿಕೆ 73 ಮೈಕ್ರಾನ್, ಒಂದು ಪಿಚ್‌ಗಿಂತ ಹೆಚ್ಚು. ಅಲ್ಲಿ ಬೆಳಕು-ಕತ್ತಲೆ ಒಂದೇ ಡಯೋಡಿನೊಳಗೆ ಸರಾಸರಿಯಾಗಿ ಸಿಗ್ನಲ್ ಸತ್ತೇಹೋಗುತ್ತದೆ. ಚೌಕ ಪಿಕ್ಸೆಲ್‌ಗಳ ಕ್ಯಾಮೆರಾ ಸೆನ್ಸರ್ ಸಾಲದು ಎಂದದ್ದು ಇದಕ್ಕೇ. ಪ್ರತಿ ಡಯೋಡ್ ಡಿಸ್ಕಿನ ಕೇಂದ್ರದತ್ತ ಮುಖ ಮಾಡಿದ, ಒಳಗೆ ಕಿರಿದು ಹೊರಗೆ ಅಗಲವಾದ ತುಂಡಾಗಿರಲಿ. ಲೇಔಟ್ ಸಾಧನದ ಗ್ರಿಡ್ಡಿಗೆ ಓರೆ ಅಂಚುಗಳು ಮೆಟ್ಟಿಲಾಗಿ ಒಡೆಯುತ್ತವೆ. ಮೆಟ್ಟಿಲು ಕೆಲವು ನ್ಯಾನೊಮೀಟರ್ ಇದ್ದರೆ ತೊಂದರೆಯಿಲ್ಲ, ಆದರೆ ಪ್ರತಿ ಡಯೋಡಿನ ಸ್ಥಾನವನ್ನು ಮೂಲ ಕೋನದಿಂದಲೇ ಲೆಕ್ಕ ಹಾಕಿ. ಹಿಂದಿನ ಡಯೋಡಿನಿಂದ ಇಷ್ಟು ದೂರ ಎಂದು ಕೂಡುತ್ತಾ ಹೋದರೆ ಸುತ್ತಿದ ಶೇಷಗಳು ಸೇರಿ ಬೆಳೆಯುತ್ತವೆ.

ಈ ಬೀಸಣಿಗೆ ಆಕಾರಕ್ಕೆ ಒಂದು ಬೆಲೆಯಿದೆ. ಚಿಪ್ ತ್ರಿಜ್ಯದ ದಿಕ್ಕಿನಲ್ಲಿ 0.1 ಮಿ.ಮೀ. ತಪ್ಪಿ ಕೂತರೆ ಪಿಚ್ ಶೇ. 0.9ರಷ್ಟು ಹೊಂದಿಕೆ ತಪ್ಪುತ್ತದೆ. 32 ಪಿಚ್‌ಗಳ ಕೊನೆಗೆ ಅದು ಮೂರನೇ ಒಂದು ಪಿಚ್‌ಗೆ ಹತ್ತಿರ, ಸಿಗ್ನಲ್ ಶೇ. 13 ಇಳಿಯುತ್ತದೆ, ಸೈನ್-ಕೋಸೈನ್ ನಡುವಿನ 90 ಡಿಗ್ರಿಯೂ 0.8 ಡಿಗ್ರಿ ಜಾರುತ್ತದೆ. ಹೆಚ್ಚು ಸರಾಸರಿ ಸಿಗಲೆಂದು 64 ಪಿಚ್ ಇಟ್ಟರೆ ಅದೇ 0.1 ಮಿ.ಮೀ. ತಪ್ಪಿಗೆ ಸಿಗ್ನಲ್ ಅರ್ಧಕ್ಕೆ ಬರುತ್ತದೆ. ಜೋಡಣೆಯಲ್ಲಿ ಸಾಧಿಸಬಲ್ಲ ನಿಖರತೆಯನ್ನು ಮೊದಲು ತಿಳಿದು, ಆಮೇಲೆ ಪಿಚ್‌ಗಳ ಸಂಖ್ಯೆ ನಿರ್ಧರಿಸಿ.

ಇನ್ನು ಮೂರನೇ ಹಾರ್ಮೋನಿಕ್, ಅಂದರೆ ಮೂಲ ಅಲೆಯ ಮೂರು ಪಟ್ಟು ವೇಗದಲ್ಲಿ ಏರಿಳಿಯುವ ಅಲೆ. ಚೂಪಾದ ಗೆರೆಯ ನೆರಳು ಸೈನ್ ಅಲೆಯಲ್ಲ. ಕಾಲು ಪಿಚ್ ಅಗಲದ ಡಯೋಡಿನಿಂದ ಬರುವ ಸಿಗ್ನಲ್‌ನಲ್ಲಿ ಮೂರನೇ ಹಾರ್ಮೋನಿಕ್ ಮೂಲ ಅಲೆಯ ಒಂಬತ್ತನೇ ಒಂದು ಪಾಲು, ಶೇ. 11. ಅದು ಕೋನದಲ್ಲಿ 6.4 ವಿದ್ಯುತ್ ಡಿಗ್ರಿ, ಅಂದರೆ 22 ಆರ್ಕ್‌ಸೆಕೆಂಡ್ ದೋಷವಾಗಿ ಕಾಣುತ್ತದೆ. ಇದನ್ನು ಸಿಲಿಕಾನಿನಲ್ಲೇ ತೆಗೆಯುವ ಚೆಂದದ ದಾರಿ: ಡಯೋಡನ್ನು ತ್ರಿಜ್ಯ ರೇಖೆಯಿಂದ ತುಸು ಓರೆ ಮಾಡಿ, ಒಳತುದಿಗೂ ಹೊರತುದಿಗೂ ಸರಿಯಾಗಿ ಪಿಚ್‌ನ ಮೂರನೇ ಒಂದು ಪಾಲು, 22.5 ಮೈಕ್ರಾನ್, ಅಂತರ ಬರುವಂತೆ. ಆಗ ಡಯೋಡಿನ ಎತ್ತರದುದ್ದಕ್ಕೂ ಮೂರನೇ ಹಾರ್ಮೋನಿಕ್ ಒಂದು ಪೂರ್ತಿ ಸುತ್ತು ಮುಗಿಸಿ ಮೊತ್ತ ಸೊನ್ನೆಯಾಗುತ್ತದೆ. ಮೂಲ ಅಲೆ ಶೇ. 17ರಷ್ಟು ಇಳಿಯುವುದನ್ನು ಒಪ್ಪಿಕೊಳ್ಳಿ. ಸರಣಿಯ ಬಲ ಅರ್ಧವನ್ನು ಆರನೇ ಒಂದು ಪಿಚ್ ಸರಿಸಿಯೂ ಇದೇ ಫಲ ಪಡೆಯಬಹುದು, ಆದರೆ ಚಿಪ್ ತ್ರಿಜ್ಯದತ್ತ 0.03 ಮಿ.ಮೀ. ತಪ್ಪಿದರೂ ಅದು ಬಹುಮಟ್ಟಿಗೆ ಕೆಡುತ್ತದೆ. ಓರೆ ಡಯೋಡ್ ಹೆಚ್ಚು ಸಹಿಸುತ್ತದೆ. ಅದಕ್ಕೆ ಸೂಕ್ಷ್ಮವಾದದ್ದು ಗೆರೆಗೆ ಅಡ್ಡ ದಿಕ್ಕಿನ ತಪ್ಪು. ಅದನ್ನು 0.03 ಮಿ.ಮೀ. ಒಳಗೆ ಹಿಡಿದರೆ ಮೂರನೇ ಹಾರ್ಮೋನಿಕ್ ಶೇ. 1ರ ಆಸುಪಾಸಿಗೆ, ದೋಷ 2 ಆರ್ಕ್‌ಸೆಕೆಂಡಿನ ಆಸುಪಾಸಿಗೆ ಬರುತ್ತದೆ.

ಲೇಔಟ್‌ನ ಸಣ್ಣ ವಿಷಯಗಳು ಕಡೆಗೆ ದೊಡ್ಡವಾಗುತ್ತವೆ. ಡಯೋಡ್‌ಗಳ ನಡುವೆ 2ರಿಂದ 3 ಮೈಕ್ರಾನ್ ಬಿಡಿ. ಸರಣಿಯ ಎರಡೂ ತುದಿಗೆ ಕನಿಷ್ಠ ಒಂದು ಪಿಚ್‌ನಷ್ಟು, ಎಲ್ಲಿಗೂ ಸಿಗ್ನಲ್ ಕೊಡದ ಡಮ್ಮಿ ಡಯೋಡ್‌ಗಳನ್ನಿಟ್ಟು ಅವನ್ನೂ ಅದೇ ವೋಲ್ಟೇಜಿನಲ್ಲಿ ಹಿಡಿಯಿರಿ. ಅವಿಲ್ಲದಿದ್ದರೆ ತುದಿಯ ಡಯೋಡ್ ಹೊರಗಿನ ಅನಾಥ ಎಲೆಕ್ಟ್ರಾನ್‌ಗಳನ್ನೆಲ್ಲ ಬಾಚಿಕೊಂಡು ಒಂದು ಫೇಸ್ ಮಾತ್ರ ದಪ್ಪವಾಗುತ್ತದೆ. ಡಯೋಡ್ ಮೇಲೆ ಹಾಯುವ ಲೋಹದ ತಂತಿ ನಾಲ್ಕೂ ಫೇಸ್‌ಗಳಲ್ಲಿ ಒಂದೇ ಅಗಲ, ಒಂದೇ ಜಾಗದಲ್ಲಿರಲಿ. ಡಯೋಡ್ ಮೇಲಿನ ಆಕ್ಸೈಡ್-ನೈಟ್ರೈಡ್ ಪದರಗಳು ಬೆಳಕನ್ನು ಒಳಗೇ ಪ್ರತಿಫಲಿಸಿ ತರಂಗಾಂತರಕ್ಕೆ ತಕ್ಕಂತೆ ಸ್ಪಂದನೆಯನ್ನು ಏರಿಳಿಸುತ್ತವೆ. ಎಲ್‌ಇಡಿಯ ಅಗಲ ವರ್ಣಪಟಲ ಇದನ್ನು ಬಹಳಷ್ಟು ಸಮ ಮಾಡುತ್ತದೆ. ಲೇಸರ್ ಬಳಸಿದರೆ ಈ ಸಮಸ್ಯೆ ಪೂರ್ತಿ ಮುಖಕ್ಕೆ ರಾಚುತ್ತದೆ.

ಹಂತ 5: ಕರೆಂಟ್, ಆಂಪ್ಲಿಫೈಯರ್, ನಾಯ್ಸ್

ಪ್ರತಿ ಫೇಸ್‌ಗೆ 32 ಡಯೋಡ್, ಒಂದೊಂದೂ 14 ಮೈಕ್ರಾನ್ ಅಗಲ, 0.8 ಮಿ.ಮೀ. ಎತ್ತರ: ಒಟ್ಟು 0.36 ಚದರ ಮಿ.ಮೀ. ಡಿಸ್ಕ್ ಅರ್ಧ ಬೆಳಕು ತಡೆಯುತ್ತದೆ, ಸ್ಪಂದನೆ ವ್ಯಾಟ್‌ಗೆ 0.3 ಆಂಪಿಯರ್ ಎಂದು ಹಿಡಿದರೆ, ಸರಾಸರಿ 1 ಮೈಕ್ರೊಆಂಪಿಯರ್ ಪಡೆಯಲು ಡಿಸ್ಕಿನ ಮೇಲೆ ಚದರ ಮಿ.ಮೀ.ಗೆ ಸುಮಾರು 19 ಮೈಕ್ರೊವ್ಯಾಟ್ ಬೆಳಕು ಬೇಕು. ಸಾಧಾರಣ ಎಲ್‌ಇಡಿಗೆ ಇದು ಭಾರವಲ್ಲ.

ನಿಮಿಷಕ್ಕೆ 6000 ಸುತ್ತಿನಲ್ಲಿ ಸಿಗ್ನಲ್ 102.4 ಕಿಲೋಹರ್ಟ್ಸ್. ಆಂಪ್ಲಿಫೈಯರಿನ ಬ್ಯಾಂಡ್‌ವಿಡ್ತ್ (ಅದು ಸರಿಯಾಗಿ ಹಾಯಿಸುವ ಆವರ್ತನದ ಮಿತಿ) 500 ಕಿಲೋಹರ್ಟ್ಸ್ ಇಟ್ಟರೆ ಅಲೆಯ ಎತ್ತರ ಶೇ. 2 ಮಾತ್ರ ಇಳಿಯುತ್ತದೆ. ಆದರೆ 0.32 ಮೈಕ್ರೊಸೆಕೆಂಡ್ ವಿಳಂಬ ಬರುತ್ತದೆ, ಆ ವೇಗದಲ್ಲಿ ಅದು 41 ಆರ್ಕ್‌ಸೆಕೆಂಡ್. ಗಾಬರಿ ಬೇಡ: ವಿಳಂಬ ಸ್ಥಿರವಾಗಿದ್ದರೆ ವೇಗದಿಂದ ಗುಣಿಸಿ ಕಂಟ್ರೋಲರ್‌ನಲ್ಲೇ ಕೂಡಬಹುದು. ಸೈನ್ ಮತ್ತು ಕೋಸೈನ್ ದಾರಿಗಳ ವಿಳಂಬ ಒಂದೇ ಆಗಿರುವುದು ಮುಖ್ಯ, ಆದ್ದರಿಂದ ಎರಡರ ಲೇಔಟ್ ತದ್ರೂಪವಾಗಿರಲಿ.

ಕರೆಂಟನ್ನು ವೋಲ್ಟೇಜಾಗಿಸುವ ಈ ಆಂಪ್ಲಿಫೈಯರಿನ ಫೀಡ್‌ಬ್ಯಾಕ್ ರೆಸಿಸ್ಟರ್ ದೊಡ್ಡದಾದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ದಾರಿ ತಪ್ಪಿಸುತ್ತದೆ. ಡಯೋಡ್ ಸರಣಿಯ ಕೆಪಾಸಿಟೆನ್ಸ್ ಹತ್ತಾರು ಪಿಕೊಫ್ಯಾರಡ್. 50 ಎಂದು ಹಿಡಿಯಿರಿ. 1 ಮೆಗಾಓಮ್ ಹಾಕಿದರೆ 500 ಕಿಲೋಹರ್ಟ್ಸ್‌ಗೆ ಫೀಡ್‌ಬ್ಯಾಕ್ ಕೆಪಾಸಿಟರ್ 0.32 ಪಿಕೊಫ್ಯಾರಡ್ ಆಗಬೇಕು, ಆಗ ಆಂಪ್ಲಿಫೈಯರಿಗೆ ಸುಮಾರು 80 ಮೆಗಾಹರ್ಟ್ಸ್ ಗೇನ್-ಬ್ಯಾಂಡ್‌ವಿಡ್ತ್ (ವರ್ಧನೆ ಮತ್ತು ಬ್ಯಾಂಡ್‌ವಿಡ್ತ್‌ನ ಗುಣಲಬ್ಧ) ಬೇಕಾಗುತ್ತದೆ. 250 ಕಿಲೋಓಮ್ ಹಾಕಿದರೆ 20 ಮೆಗಾಹರ್ಟ್ಸ್ ಸಾಕು. ನಾಯ್ಸ್ ಹೆಚ್ಚಲಿಲ್ಲವೇ ಎಂದರೆ, 1 ಮೈಕ್ರೊಆಂಪಿಯರ್ ಕರೆಂಟಿನದೇ ಶಾಟ್ ನಾಯ್ಸ್ (ಎಲೆಕ್ಟ್ರಾನ್‌ಗಳು ಬಿಡಿಬಿಡಿಯಾಗಿ ಬರುವುದರಿಂದಾಗುವ ಏರಿಳಿತ) 0.4 ನ್ಯಾನೊಆಂಪಿಯರ್, ರೆಸಿಸ್ಟರಿನದು 0.18. ಎರಡೂ ಸೇರಿ 0.44. ಎ+ ಮತ್ತು ಎ− ಕಳೆದ ಮೇಲೆ 1.2 ಮೈಕ್ರೊಆಂಪಿಯರ್ ಎತ್ತರದ ಅಲೆಯ ಮೇಲೆ ಇದು ಸುಮಾರು 0.03 ವಿದ್ಯುತ್ ಡಿಗ್ರಿ, ಅಂದರೆ 0.1 ಆರ್ಕ್‌ಸೆಕೆಂಡ್. 12 ಬಿಟ್‌ನ ಒಂದು ಎಣಿಕೆಯ ಮೂರನೇ ಒಂದು ಪಾಲು, ಸಾಕಷ್ಟಾಯಿತು.

ಎಲ್‌ಇಡಿ ಬಿಸಿಯಾದಂತೆ ಮಂಕಾಗುತ್ತದೆ, ವರ್ಷಗಳು ಕಳೆದಂತೆ ಇನ್ನೂ ಮಂಕಾಗುತ್ತದೆ. ನಾಲ್ಕೂ ಫೇಸ್‌ಗಳ ಮೊತ್ತ ಕೋನಕ್ಕೆ ಬದಲಾಗುವುದಿಲ್ಲ. ಆ ಮೊತ್ತವನ್ನು ಸ್ಥಿರವಾಗಿಡುವಂತೆ ಎಲ್‌ಇಡಿ ಕರೆಂಟನ್ನು ಚಿಪ್ಪೇ ನಿಯಂತ್ರಿಸಲಿ. ಕರೆಂಟ್ ಮೇಲ್ಮಿತಿ ತಲುಪಿದಾಗ ಎಚ್ಚರಿಕೆ ಕೊಡುವ ಒಂದು ಪಿನ್ ಇಡಿ: ಡಿಸ್ಕ್ ಕೊಳೆಯಾಗಿದೆಯೆಂದು ಯಂತ್ರ ನಿಲ್ಲುವ ಮೊದಲೇ ತಿಳಿಯುತ್ತದೆ.

ಹಂತ 6: ಸುತ್ತಿನೊಳಗೆ ಎಲ್ಲಿದ್ದೇವೆ

ಒಂದೇ ಗೆರೆಪಟ್ಟಿ ಪಿಚ್‌ನ ಒಳಗಿನ ಸ್ಥಾನ ಹೇಳುತ್ತದೆ, ಯಾವ ಪಿಚ್ ಎಂದು ಹೇಳದು. ವರ್ನಿಯರ್ ಪದ್ಧತಿಯಲ್ಲಿ ಪಕ್ಕದಲ್ಲಿ ಇನ್ನೆರಡು ಪಟ್ಟಿಗಳಿರುತ್ತವೆ, 1023 ಮತ್ತು 992 ಗೆರೆಗಳದು. 1024 ಮತ್ತು 992ರ ಫೇಸ್ ವ್ಯತ್ಯಾಸ ಸುತ್ತಿಗೆ 32 ಬಾರಿ ಮರುಕಳಿಸುತ್ತದೆ, 1024 ಮತ್ತು 1023ರದು ಒಂದೇ ಬಾರಿ. ಇಲ್ಲಿ ಬೇಕಾದದ್ದು ಸಹನೆಯ ಲೆಕ್ಕ: ಪ್ರತಿ ವ್ಯತ್ಯಾಸವನ್ನು 32 ಪಾಲಾಗಿ ಬಿಡಿಸಬೇಕು, ಆದ್ದರಿಂದ ಪಟ್ಟಿಗಳ ನಡುವಿನ ಫೇಸ್ ದೋಷ ±5.6 ಡಿಗ್ರಿ ಮೀರಿದರೆ ಕನಿಷ್ಠ ಒಂದು ಇಡೀ ಪಿಚ್ ತಪ್ಪಾಗಿ ಓದುತ್ತದೆ. ಚಿಪ್ ತುಸು ಓರೆಯಾಗಿ ಅಂಟಿದರೂ ಮೂರು ಪಟ್ಟಿಗಳು ಬೇರೆಬೇರೆ ತ್ರಿಜ್ಯದಲ್ಲಿರುವುದರಿಂದ ಈ ದೋಷ ಬೇಗ ಏರುತ್ತದೆ.

ಇನ್ನೊಂದು ದಾರಿ, ಒಂದೇ ಪಟ್ಟಿಯಲ್ಲಿ ಬಾರ್‌ಕೋಡ್‌ನಂತೆ ಹುಸಿ-ಯಾದೃಚ್ಛಿಕ (ಯಾವ ತುಣುಕೂ ಸುತ್ತಿನಲ್ಲಿ ಮರುಕಳಿಸದ) ಸಂಕೇತ ಬರೆದು, ಸಾಲು ಪಿಕ್ಸೆಲ್‌ಗಳ ಸೆನ್ಸರಿನಿಂದ ಚಿತ್ರ ತೆಗೆದು ಓದುವುದು. ಅದಕ್ಕೆ ಎಲ್ಲ ಪಿಕ್ಸೆಲ್‌ಗಳೂ ಒಂದೇ ಕ್ಷಣದಲ್ಲಿ ಹಿಡಿಯುವ ಗ್ಲೋಬಲ್ ಶಟರ್ ಕಡ್ಡಾಯ. 6000 ಸುತ್ತಿನಲ್ಲಿ ಗೆರೆ ಸೆಕೆಂಡಿಗೆ 6.9 ಮೀಟರ್ ಓಡುತ್ತದೆ. 1 ಮೈಕ್ರೊಸೆಕೆಂಡ್ ಬೆಳಕು ಹಾಯಿಸಿದರೂ ಚಿತ್ರ 6.9 ಮೈಕ್ರಾನ್ ಕದಡುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದೇ ಗೆರೆಯ ಅಗಲ ಆರಿಸಬೇಕು.

ಹಂತ 7: ಪ್ಯಾಕೇಜ್

0.3 ಮಿ.ಮೀ. ಸಂದಿನಲ್ಲಿ ಚಿಪ್ಪನ್ನು ಪಿನ್ನುಗಳಿಗೆ ಜೋಡಿಸುವ ಬಾಂಡ್ ತಂತಿಯ ಕಮಾನು ಡಿಸ್ಕಿಗೆ ತಾಗಬಾರದು. ಎಲ್ಲ ಬಾಂಡ್ ಪ್ಯಾಡ್‌ಗಳನ್ನೂ ಡಿಸ್ಕಿನ ಹೊರ ಅಂಚಿಗಿಂತ ಆಚೆ ಬರುವ ಬದಿಗೆ ಮಾತ್ರ ಇಡಿ. ಆಂಪ್ಲಿಫೈಯರ್‌ಗಳು ಅತ್ತಲೇ ಇರಲಿ, ಮೇಲಿನ ಲೋಹದ ಪದರದಿಂದ ಪೂರ್ತಿ ಮುಚ್ಚಿರಲಿ, ಡಯೋಡ್ ಮತ್ತು ಸರ್ಕ್ಯೂಟ್ ನಡುವೆ ಅಲೆಯುವ ಎಲೆಕ್ಟ್ರಾನ್‌ಗಳನ್ನು ಹಿಡಿಯುವ ಎನ್-ವೆಲ್ ಗಾರ್ಡ್ ರಿಂಗ್ ಇರಲಿ. ಪಾರದರ್ಶಕ ಎಪಾಕ್ಸಿ ಸುರಿದರೆ ಗಾಳಿಗುಳ್ಳೆ ಮತ್ತು ಬಾಗಿದ ಮೇಲ್ಮೈ ಎರಡೂ ನೆರಳನ್ನು ತಿರುಚುತ್ತವೆ. ಸಮತಟ್ಟಾದ ಗಾಜಿನ ಮುಚ್ಚಳ ದುಬಾರಿಯಾದರೂ ನೆಮ್ಮದಿ.

ಹಂತ 8: ಪರೀಕ್ಷೆ

ಡಿಸ್ಕಿಲ್ಲದೆ, ಸಮನಾದ ಬೆಳಕಿನಲ್ಲಿ ಮೊದಲು ನಾಲ್ಕು ಫೇಸ್‌ಗಳ ಕರೆಂಟ್ ಅಳೆಯಿರಿ. ಶೇ. 1ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಕಾರಣ ಲೇಔಟಿನಲ್ಲಿದೆ, ಆಪ್ಟಿಕ್ಸ್ ಮುಟ್ಟಬೇಡಿ. ಆಮೇಲೆ ಡಿಸ್ಕ್ ಕೂರಿಸಿ, ಸೈನ್-ಕೋಸೈನ್ ಎರಡನ್ನೂ ಆಸಿಲೋಸ್ಕೋಪಿನಲ್ಲಿ ಎದುರುಬದುರು ಹಾಕಿ ವೃತ್ತ ನೋಡಿ. ತಿರುಗಿದಂತೆ ವೃತ್ತ ಸುತ್ತಿಗೊಮ್ಮೆ ಹಿಗ್ಗಿ ಕುಗ್ಗಿದರೆ ಡಿಸ್ಕ್ ವಾಲಿದೆ ಅಥವಾ ಕೇಂದ್ರ ತಪ್ಪಿದೆ.

ಕೊನೆಗೆ ನಂಬಬಹುದಾದ ಉಲ್ಲೇಖ ಎನ್‌ಕೋಡರಿನ ಎದುರು ಇಡೀ ಸುತ್ತಿನ ದೋಷ ದಾಖಲಿಸಿ, ಅದರ ಆವರ್ತನ ವಿಶ್ಲೇಷಣೆ ಮಾಡಿ. ದೋಷ ಎಷ್ಟು ಬಾರಿ ಮರುಕಳಿಸುತ್ತದೆ ಎಂಬುದೇ ಅದರ ಮೂಲವನ್ನು ತೋರಿಸುತ್ತದೆ. ಸುತ್ತಿಗೆ 1 ಬಾರಿ: ಕೇಂದ್ರ ತಪ್ಪಿದೆ. 2 ಬಾರಿ: ಡಿಸ್ಕ್ ಅಂಡಾಕಾರಕ್ಕೆ ಎಳೆದಿದೆ, ಇದನ್ನು ಎದುರುಬದುರಿನ ಎರಡು ಚಿಪ್‌ಗಳೂ ಅಳಿಸಲಾರವು, 90 ಡಿಗ್ರಿ ಅಂತರದ ನಾಲ್ಕು ಬೇಕು. 1024 ಬಾರಿ: ಆಫ್‌ಸೆಟ್ (ಅಲೆಯ ಮಧ್ಯ ಸೊನ್ನೆಯಿಂದ ಸರಿದಿರುವುದು), ಅಲೆಯ ಎತ್ತರದ ಶೇ. 1ರಷ್ಟಿದ್ದರೆ 2 ಆರ್ಕ್‌ಸೆಕೆಂಡ್. 2048 ಬಾರಿ: ಎರಡು ಅಲೆಗಳ ಎತ್ತರ ಸಮವಿಲ್ಲ ಅಥವಾ ನಡುವೆ 90 ಡಿಗ್ರಿಯಿಲ್ಲ, ಎತ್ತರದ ಶೇ. 1ರ ವ್ಯತ್ಯಾಸಕ್ಕೆ 1 ಆರ್ಕ್‌ಸೆಕೆಂಡ್. 4096 ಬಾರಿ: ಮೂರನೇ ಅಥವಾ ಐದನೇ ಹಾರ್ಮೋನಿಕ್.

ಈ ಕೊನೆಯದನ್ನು ಬೇರ್ಪಡಿಸಲು ಸಂದನ್ನು 0.05 ಮಿ.ಮೀ.ಯಂತೆ ಬದಲಿಸುತ್ತಾ ಅಳೆಯಿರಿ. 4096ರ ಶಿಖರ ಸಂದಿನೊಂದಿಗೆ ಬದಲಾದರೆ ಲೆನ್ಸ್ ಮತ್ತು ಎಲ್‌ಇಡಿ ಜೋಡಣೆ ನೋಡಿ. ಸಂದಿಗೆ ಜಗ್ಗದೆ, ಚಿಪ್ಪನ್ನು ಗೆರೆಗೆ ಅಡ್ಡಲಾಗಿ 0.02 ಮಿ.ಮೀ. ಸರಿಸಿದಾಗ ಮಾತ್ರ ಏರಿಳಿದರೆ, ಡಯೋಡಿನ ಓರೆ ಮತ್ತು ಡಿಸ್ಕಿನ ಗೆರೆ ಹೊಂದುತ್ತಿಲ್ಲ. ಶಿಖರ ಅತಿ ಚಿಕ್ಕದಾಗುವ ಜಾಗ ಗುರುತಿಸಿ, ಚಿಪ್ ಅಂಟಿಸುವ ಜಿಗ್ಗನ್ನು ಅಷ್ಟೇ ದೂರ ತಿದ್ದಿ.